ಪರದೇಶದಲ್ಲಿ ದೇವರ ಮನೆ: ವಾರದ ದಿನಗಳಲ್ಲಿ ಪೂಜೆ ಹೇಗೆ ನಡೆಸುತ್ತಿದ್ದೀರಿ?

ತುಳಸಿಕಟ್ಟೆ, ನ್ಯೂಜೆರ್ಸಿ

ನೇರವಾಗಿ ಕೇಳುತ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ನಮಗೆ ದೇವಸ್ಥಾನಗಳಿಗೇನೂ ಬರವಿಲ್ಲ. ರಾಬಿನ್ಸ್‌ವಿಲ್‌ನಲ್ಲಿ 2023ರ ಅಕ್ಟೋಬರ್‌ನಲ್ಲಿ ಅಕ್ಷರಧಾಮ ತೆರೆಯಿತು. ಎಡಿಸನ್‌ನಲ್ಲಿ ಪುತ್ತಿಗೆ ಮಠದ ಕೃಷ್ಣ ವೃಂದಾವನ ಇದೆ. ನ್ಯೂಯಾರ್ಕ್ ಕಡೆ ಹೋದರೆ ಫ್ಲಶಿಂಗ್ ಗಣಪತಿ. ಶನಿವಾರ, ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ನಮ್ಮ ಮನೆಗಳಲ್ಲಿ ದೇವರ ಮುಂದೆ ಯಾರು ಕೂರುತ್ತಿದ್ದಾರೆ? ನಾನು ಹೋಗುವ ಎಷ್ಟೋ ಮನೆಗಳಲ್ಲಿ ದೇವರ ಮಂಟಪ ತುಂಬಾ ಚೆನ್ನಾಗಿದೆ, ಸಾಗುವಾನಿ ಮರದ್ದು, ಊರಿಂದಲೇ ತರಿಸಿದ್ದು. ದೀಪದಲ್ಲಿ ಮಾತ್ರ ಹೋದ ಹಬ್ಬದ ಬತ್ತಿ ಹಾಗೇ ಒಣಗಿರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ದಿನಾ ಹತ್ತು ನಿಮಿಷ ದೇವರ ಮುಂದೆ ಕೂರುವವರ ಮನೆಯಲ್ಲಿ ಭಕ್ತಿ ಉಳಿಯುತ್ತದೆ. ದೇವಸ್ಥಾನ ಎಷ್ಟೇ ದೊಡ್ಡದಿರಲಿ, ಆ ಕೆಲಸವನ್ನು ಅದು ನಮಗೆ ಮಾಡಿಕೊಡುವುದಿಲ್ಲ.

ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಬೆಳಿಗ್ಗೆ ಸ್ನಾನ ಆದ ಮೇಲೆ, ಫೋನ್ ಮುಟ್ಟುವ ಮೊದಲು, ಒಂದು ತುಪ್ಪದ ದೀಪ. ಒಂದು ಅಷ್ಟೋತ್ತರ, ಇಲ್ಲದಿದ್ದರೆ ಒಂದು ದೇವರನಾಮ. ಕಿಟಕಿ ಹತ್ತಿರದ ತುಳಸಿಗೆ ನೀರು. ಒಂದು ಬಾದಾಮಿಯೋ ಕಲ್ಲುಸಕ್ಕರೆಯೋ ನೈವೇದ್ಯ. ಮುಗಿಯಿತು. ಷೋಡಶೋಪಚಾರ ರಜೆಯ ದಿನಕ್ಕೆ. ನೀವೆಲ್ಲ ಏನು ಉಳಿಸಿಕೊಂಡಿದ್ದೀರಿ, ಏನು ಬಿಟ್ಟಿದ್ದೀರಿ, ಬರೆಯಿರಿ. ಸಣ್ಣ ವಿವರಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ಉತ್ತರದ ಗಾಳಿ, ಎಡಿನ್‌ಬರ್ಗ್

ಹತ್ತು ನಿಮಿಷ ಹೇಗಾದರೂ ಸಿಗುತ್ತದೆ ಮೇಡಂ. ನಮಗೆ ಕಷ್ಟ ಕೊಡುವುದು ಸೂರ್ಯ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯೋದಯ ಆಗುವಾಗ ಗಂಟೆ ಎಂಟೂವರೆ ದಾಟಿರುತ್ತದೆ, ಆಗ ನಾನು ಬಸ್ಸಿನಲ್ಲಿರುತ್ತೇನೆ. ಮೂರೂಮುಕ್ಕಾಲರ ಹೊತ್ತಿಗೆ ಮತ್ತೆ ಕತ್ತಲೆ. ಜೂನ್‌ನಲ್ಲಿ ನೋಡಿದರೆ ನಾಲ್ಕೂವರೆಗೇ ಬೆಳಕು, ರಾತ್ರಿ ಹತ್ತಾದರೂ ಸಂಜೆ ಮುಗಿಯುವುದಿಲ್ಲ. ಸಂಧ್ಯಾವಂದನೆ ಮಾಡುವವನಿಗೆ ಯಾವುದು ಪ್ರಾತಃ, ಯಾವುದು ಸಾಯಂ? ನಮ್ಮಪ್ಪ ಫೋನಿನಲ್ಲಿ "ಸೂರ್ಯ ಹುಟ್ಟುವ ಮೊದಲು ಅರ್ಘ್ಯ ಕೊಡಪ್ಪ" ಅಂತ ಹೇಳುತ್ತಾರೆ. ಜೂನ್‌ನಲ್ಲಿ ಅದರ ಪ್ರಕಾರ ನಡೆದರೆ ನಾನು ಮಲಗುವುದೇ ಬೇಡ.

ಈಗ ನಾನು ಮಾಡಿಕೊಂಡಿರುವ ಏರ್ಪಾಡು: ಚಳಿಗಾಲದಲ್ಲಿ ಕತ್ತಲಿರುವಾಗಲೇ ಮಾಡಿ ಹೊರಡುತ್ತೇನೆ, ಅದು ಸರಿಯಾದ ಕಾಲವೇ. ಬೇಸಿಗೆಯಲ್ಲಿ ಎದ್ದ ತಕ್ಷಣ, ಕಾಲ ಮೀರಿದ್ದಕ್ಕೆ ಒಂದು ಅರ್ಘ್ಯ ಹೆಚ್ಚಿಗೆ ಕೊಟ್ಟು, ಮುಂದಿನದು. ಪ್ರಾಯಶ್ಚಿತ್ತಾರ್ಘ್ಯ ಅಂತ ಕ್ರಮದಲ್ಲೇ ಇದೆ ಅಲ್ವಾ, ಹಿರಿಯರು ಇಂಥದ್ದಕ್ಕೂ ಜಾಗ ಇಟ್ಟೇ ಕಟ್ಟಿದ್ದಾರೆ ಅನ್ನಿಸುತ್ತದೆ.

ಎಂಟನೇ ಮಹಡಿ, ಟೊರಾಂಟೊ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಗೆ ಅಲಾರಂ ಹೊಡೆದುಕೊಂಡರೆ ಅಕ್ಕಪಕ್ಕದವರೆಲ್ಲ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಅಲಾರಂಗೆ ಬಟ್ಟೆ ಕಟ್ಟುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ, ಜೀವ ಉಳಿಸುವ ವಸ್ತು ಅದು. ತುಪ್ಪದ ಒಂಟಿ ಬತ್ತಿಯಿಂದ ಹೊಗೆ ಬರುವುದು ತೀರಾ ಕಡಿಮೆ. ಅಲಾರಂ ಕೂಗುವುದು ಊದುಬತ್ತಿಗೆ, ಅದಕ್ಕಿಂತ ಜಾಸ್ತಿ ಕರ್ಪೂರಕ್ಕೆ. ನಾವು ಕರ್ಪೂರದ ಬದಲು ತುಪ್ಪದ ಬತ್ತಿಯಲ್ಲೇ ಮಂಗಳಾರತಿ ಮಾಡುತ್ತೇವೆ. ದೀಪದ ಕೆಳಗೆ ಅಗಲವಾದ ಹಿತ್ತಾಳೆ ತಟ್ಟೆ, ಪರದೆ ದೂರ, ಮನೆ ಬಿಟ್ಟು ಹೊರಡುವಾಗ ಹೂವಿನಿಂದ ದೀಪ ಶಾಂತ ಮಾಡುವುದು. ಬಾಡಿಗೆ ಕರಾರಿನಲ್ಲಿ ಬೆಂಕಿ ಹಚ್ಚಬಾರದು ಅಂತ ಇದ್ದರೆ ಮೊದಲೇ ಮಾಲೀಕರ ಹತ್ತಿರ ಮಾತಾಡಿ.

ಪಂಚಾಂಗಪ್ರಿಯ, ಡಲ್ಲಾಸ್

ಸೂರ್ಯನ ಮಾತು ಬಂದಿದ್ದರಿಂದ ಏಕಾದಶಿ ವಿಷಯ ಹೇಳಿಬಿಡುತ್ತೇನೆ. ಪ್ರತಿ ಹದಿನೈದು ದಿನಕ್ಕೊಮ್ಮೆ ನನಗೆ ಅದೇ ಪ್ರಶ್ನೆ ಬರುತ್ತದೆ. "ಅಮ್ಮ ಊರಲ್ಲಿ ಶುಕ್ರವಾರ ಉಪವಾಸ ಅಂತಾರೆ, ಇಲ್ಲಿಯ ದೇವಸ್ಥಾನದ ಕ್ಯಾಲೆಂಡರ್ ಗುರುವಾರ ಅನ್ನುತ್ತದೆ, ಯಾರದ್ದು ಸರಿ?" ಇಬ್ಬರದ್ದೂ ಸರಿ.

ತಿಥಿ ಅಂದರೆ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸಾಗುವ ಹೊತ್ತು. ಅದು ಸುಮಾರು 19ರಿಂದ 26 ಗಂಟೆ ಇರಬಹುದು. ಆರಂಭದ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ದಿನಕ್ಕೆ ಯಾವ ತಿಥಿ ಅನ್ನುವುದನ್ನು ಆಯಾ ಊರಿನ ಸೂರ್ಯೋದಯ ನೋಡಿ ಹೇಳುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಏಕಾದಶಿ ಬೆಂಗಳೂರಿನಲ್ಲಿ ಗುರುವಾರ ಬೆಳಿಗ್ಗೆ 10ಕ್ಕೆ ಶುರುವಾಗಿ ಶುಕ್ರವಾರ 8ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಗುರುವಾರ ಸೂರ್ಯ ಹುಟ್ಟುವಾಗ ಅಲ್ಲಿ ಇನ್ನೂ ದಶಮಿ, ಹಾಗಾಗಿ ಉಪವಾಸ ಶುಕ್ರವಾರ. ಚಳಿಗಾಲದಲ್ಲಿ ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದಿದೆ. ಅಲ್ಲಿ ಅದೇ ಏಕಾದಶಿ ಬುಧವಾರ ರಾತ್ರಿ 11.30ಕ್ಕೆ ಶುರುವಾಗಿ ಗುರುವಾರ ರಾತ್ರಿ 9.30ಕ್ಕೆ ಮುಗಿದೇ ಹೋಗುತ್ತದೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ದ್ವಾದಶಿ. ಊರಿನ ಕ್ಯಾಲೆಂಡರ್ ನೋಡಿ ಶುಕ್ರವಾರ ಉಪವಾಸ ಮಾಡಿದರೆ ದ್ವಾದಶಿಯ ದಿನ ಉಪವಾಸ ಮಾಡಿದ ಹಾಗಾಯಿತು, ಪಾರಣೆಯ, ಅಂದರೆ ಉಪವಾಸ ಬಿಡುವ, ಹೊತ್ತೂ ತಪ್ಪಿತು.

ಮಾಧ್ವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೂರ್ಯೋದಯಕ್ಕೆ 96 ನಿಮಿಷ ಮೊದಲು, ಅಂದರೆ ಅರುಣೋದಯದಲ್ಲಿ, ದಶಮಿ ಸೋಕಿರಬಾರದು ಅಂತ ನೋಡುತ್ತಾರೆ. ಸ್ಮಾರ್ತರ ಲೆಕ್ಕ ಬೇರೆ. ಹಾಗಾಗಿ ಒಂದೇ ಊರಿನಲ್ಲೂ ಎರಡು ದಿನ ಬರಬಹುದು. ನಿಮ್ಮ ಸಂಪ್ರದಾಯದ ಪಂಚಾಂಗ, ನೀವಿರುವ ಊರಿನ ಸಮಯ, ಇವೆರಡೂ ಇರಲೇಬೇಕು. ಫೋನಿನ ಆ್ಯಪ್‌ಗಳಲ್ಲಿ ಊರು ಬದಲಿಸುವ ಜಾಗ ಇರುತ್ತದೆ, ತುಂಬಾ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ರಾತ್ರಿಪಾಳಿ, ಬರ್ಮಿಂಗ್‌ಹ್ಯಾಮ್

ನಾನು ಆಸ್ಪತ್ರೆಯಲ್ಲಿ ನರ್ಸ್. ಹನ್ನೆರಡು ಗಂಟೆ ಪಾಳಿ, ಅದರಲ್ಲಿ ಅರ್ಧ ರಾತ್ರಿಯವು. ಬೆಳಗಿನ ಪೂಜೆ ಅನ್ನುವ ಮಾತೇ ನನ್ನ ಬದುಕಿಗೆ ಹೊಂದುವುದಿಲ್ಲ. ಬೆಳಿಗ್ಗೆ ಮನೆಗೆ ಬಂದರೆ ಕಣ್ಣು ಬಿಡಲು ಆಗುವುದಿಲ್ಲ.

ಇಲ್ಲಿಯ ಆಸ್ಪತ್ರೆಗಳಲ್ಲಿ ಮೊಣಕೈ ಕೆಳಗೆ ಏನೂ ಇರಬಾರದು ಅನ್ನುವ ನಿಯಮ ಇದೆ, ಸೋಂಕು ಹರಡದಿರಲಿ ಅಂತ. ಗಡಿಯಾರ ಇಲ್ಲ, ಬಳೆ ಇಲ್ಲ. ಅನಂತನ ದಾರವೂ ಮಣಿಕಟ್ಟಿನಲ್ಲಿ ನಿಲ್ಲುವ ಹಾಗಿಲ್ಲ. ನಿಯಮ ಸರಿಯಾಗಿಯೇ ಇದೆ, ರೋಗಿಯ ಗಾಯ ಮುಟ್ಟುವ ಕೈ ಅದು. ನಾನು ದಾರವನ್ನು ತೋಳಿನ ಮೇಲ್ಭಾಗದಲ್ಲಿ, ಸಮವಸ್ತ್ರದ ಅರ್ಧ ತೋಳಿನ ಒಳಗೆ ಕಟ್ಟಿಕೊಳ್ಳುತ್ತೇನೆ. ಜಪಕ್ಕೆ ಮಣಿ ಬೇಡ, ಬೆರಳಿನ ಗೆಣ್ಣು ಸಾಕು. ಕಾರಿಡಾರ್‌ನಲ್ಲಿ ನಡೆಯುವಾಗ, ಕೈ ತೊಳೆಯುವಾಗ, ನಾಮ. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೇವೆ ಯೋಚಿಸಿ, ಪ್ರತಿ ಸಲವೂ ಸೋಪು ಉಜ್ಜುವ ಅಷ್ಟು ಹೊತ್ತು "ಅಚ್ಯುತಾನಂತ ಗೋವಿಂದ". ಧನ್ವಂತರಿಯನ್ನು ನೆನೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತದೆಯೇ? ಒಬ್ಬರು ಅಜ್ಜಿ ಇದ್ದರು, ಅವರು ಚರ್ಚಿಗೆ ಹೋಗುವವರು. ತುಟಿ ಆಡುವುದನ್ನು ನೋಡಿ "ಪ್ರಾರ್ಥನೆಯಾ?" ಅಂತ ಕೇಳಿದರು. ಹೌದು ಅಂದೆ. "ನನ್ನ ಹೆಸರೂ ಸೇರಿಸು" ಅಂದರು. ಸೇರಿಸಿದೆ.

ಹಳೆಯ ಕ್ಯಾಸೆಟ್, ಪೆನ್ಸಿಲ್ವೇನಿಯಾ

ನಾನು ಇಲ್ಲಿಗೆ ಬಂದಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. 1965ರ ವಲಸೆ ಕಾಯಿದೆ ಬಾಗಿಲು ತೆರೆದ ಮೇಲೆ ಬಂದ ವೈದ್ಯರು, ಎಂಜಿನಿಯರ್‌ಗಳ ಪೀಳಿಗೆ. ಆಗ ನಮ್ಮ ಕಡೆ ಒಂದು ದೇವಸ್ಥಾನವೂ ಇರಲಿಲ್ಲ. ವೇದಾಂತ ಸೊಸೈಟಿಗಳು ಮೊದಲೇ ಇದ್ದವು, ವಿವೇಕಾನಂದರು ನ್ಯೂಯಾರ್ಕಿನಲ್ಲಿ ಶುರುಮಾಡಿದ್ದು 1894ರಲ್ಲಿ. ಇಸ್ಕಾನ್‌ನವರೂ 1966ರಿಂದ ಇದ್ದರು. ಆದರೆ ನಮ್ಮ ಊರಿನ ಹಾಗೆ ಅಭಿಷೇಕ, ಅರ್ಚನೆ ಮಾಡಿಸುವ ಜಾಗ ಇಲ್ಲ. ಯಾರದ್ದಾದರೂ ಮನೆಯ ಬೇಸ್‌ಮೆಂಟಿನಲ್ಲಿ ಭಾನುವಾರ ಭಜನೆ. ಒಂದು ವೆಂಕಟೇಶ್ವರನ ಪಟ, ಒಂದು ಹಾರ್ಮೋನಿಯಂ, ಕೈಯಲ್ಲಿ ಬರೆದುಕೊಂಡ ದೇವರನಾಮದ ನೋಟ್‌ಬುಕ್. ಊರಿಗೆ ಹೋದವರು ಕ್ಯಾಸೆಟ್ ತಂದರೆ ಅದನ್ನು ಎಲ್ಲರೂ ಒಬ್ಬೊಬ್ಬರಾಗಿ ನಕಲು ಮಾಡಿಕೊಳ್ಳುತ್ತಿದ್ದೆವು. ವಿಷ್ಣು ಸಹಸ್ರನಾಮ ನಮ್ಮಲ್ಲಿ ಎಷ್ಟೋ ಜನ ಕಲಿತಿದ್ದು ಇಲ್ಲಿ ಬಂದ ಮೇಲೆ, ಆ ಕ್ಯಾಸೆಟ್‌ಗಳಿಂದ, ಕಾರಿನಲ್ಲಿ ಆಫೀಸಿಗೆ ಹೋಗುತ್ತಾ.

ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ, ಫ್ಲಶಿಂಗ್ ಗಣಪತಿ, ಎರಡೂ ಪ್ರತಿಷ್ಠೆ ಆಗಿದ್ದು 1977ರ ಬೇಸಿಗೆಯಲ್ಲಿ, ಕೆಲವೇ ವಾರಗಳ ಅಂತರದಲ್ಲಿ. ದೂರ ದೂರದ ರಾಜ್ಯಗಳಿಂದ ಇಡೀ ರಾತ್ರಿ ಕಾರು ಓಡಿಸಿಕೊಂಡು ಜನ ಬರುತ್ತಿದ್ದರು. ತುಳಸಿಕಟ್ಟೆಯವರೇ, ನಿಮ್ಮ ಮಾತು ನಾನು ಒಪ್ಪುತ್ತೇನೆ. ಆದರೆ ದೇವಸ್ಥಾನವಿಲ್ಲದ ಕಾಲ ನೋಡಿದವನಾಗಿ ಒಂದು ಮಾತು ಸೇರಿಸಬೇಕು. ಗರ್ಭಗುಡಿಯ ಮುಂದೆ ಮೊದಲ ಸಲ ನಿಂತಾಗ ನಮ್ಮಲ್ಲಿ ಅಳದವರು ಯಾರೂ ಇರಲಿಲ್ಲ. ಮನೆಯ ಪಟದ ಮುಂದೆ ವರ್ಷಗಟ್ಟಲೆ ಕೂತಿದ್ದರಿಂದಲೇ ಆ ಕಣ್ಣೀರು ಬಂತು. ಹಾಗೆಯೇ ಅಲ್ಲಿ ನಿಂತು ಬಂದ ಮೇಲೆ ಮನೆಯ ಪೂಜೆಯೂ ಬಲವಾಯಿತು.

ಇಬ್ಬರು ಮಕ್ಕಳ ತಾಯಿ, ಸಿಯಾಟಲ್

ನಾನು ಒಪ್ಪುವುದಿಲ್ಲ. ಅಂದರೆ ಪೂರ್ತಿ ಒಪ್ಪುವುದಿಲ್ಲ. ದಿನದ ಪೂಜೆ ದೊಡ್ಡವರಿಗೆ ಸರಿ. ನನ್ನ ಮಗನಿಗೆ ಒಂಬತ್ತು ವರ್ಷ, ಅವನ ಶಾಲೆಯಲ್ಲಿ ಅವನ ತರಗತಿಗೆ ಇವನೊಬ್ಬನೇ ಹಿಂದೂ ಹುಡುಗ. ಮನೆಯಲ್ಲಿ ಅಮ್ಮ ಏನೋ ಹೇಳಿಕೊಳ್ಳುತ್ತಾಳೆ ಅನ್ನುವುದು ಅವನಿಗೆ ಅಮ್ಮನ ಅಭ್ಯಾಸ ಅಷ್ಟೇ. ವಾರಾಂತ್ಯದ ದೇವಸ್ಥಾನದಲ್ಲಿ ನೂರಾರು ಜನ ಒಟ್ಟಿಗೆ ಆರತಿ ತೆಗೆದುಕೊಳ್ಳುವುದನ್ನು ನೋಡಿದಾಗ ಅವನಿಗೆ ಇದು ನಮ್ಮದು ಅನ್ನಿಸುತ್ತದೆ. ಜೊತೆಗೆ ಅಲ್ಲಿ ಅವನ ವಯಸ್ಸಿನ ಮಕ್ಕಳಿದ್ದಾರೆ. ಬುಧವಾರ ಬಂದ ಹಬ್ಬವನ್ನು ದೇವಸ್ಥಾನದವರು ಶನಿವಾರಕ್ಕೆ ಹಾಕುತ್ತಾರೆ ಅಂತ ಬೈಯುವವರು ಬುಧವಾರ ರಜೆ ಹಾಕಿ ಬರುತ್ತಾರಾ? ಶನಿವಾರದ ಗಣಪತಿ ಹಬ್ಬ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಗಣಪತಿ ಹಬ್ಬವೇ ಇರುವುದಿಲ್ಲ.

ತುಳಸಿಕಟ್ಟೆ, ನ್ಯೂಜೆರ್ಸಿ

ಸಿಯಾಟಲ್ ಅಕ್ಕ, ದೇವಸ್ಥಾನ ಬೇಡ ಅಂತ ನಾನು ಹೇಳಿಲ್ಲ. ಮಕ್ಕಳಿಗೆ ಜನರ ನಡುವೆ ನಿಲ್ಲುವುದು ಬೇಕೇ ಬೇಕು, ಅದು ನಿಜ. ಆದರೆ ಚೌತಿಯ ದಿನ ಮನೆಯಲ್ಲಿ ಒಂದು ಮುಷ್ಟಿ ಮಣ್ಣಿನ ಗಣಪ, ಸಂಜೆ ಕೆಲಸದಿಂದ ಬಂದ ಮೇಲೆಯಾದರೂ ಸರಿ, ಎರಡು ಗರಿಕೆ. ಶನಿವಾರ ದೇವಸ್ಥಾನದಲ್ಲಿ ದೊಡ್ಡ ಹಬ್ಬ. ಎರಡೂ ಆಗಬಹುದಲ್ಲ? ಮಗನ ಕೈಯಲ್ಲೇ ಗಣಪನನ್ನು ಮಾಡಿಸಿ. ವಿಸರ್ಜನೆಯನ್ನು ಹೊಳೆ, ಕೆರೆಯಲ್ಲಿ ಮಾಡಬೇಡಿ. ಬಕೆಟ್ ನೀರಿನಲ್ಲಿ ಬಿಟ್ಟು ಕರಗಿದ ಮಣ್ಣನ್ನು ಗಿಡಕ್ಕೆ ಹಾಕಿ. ಮಗು ತಾನು ಮಾಡಿದ ಮೂರ್ತಿಗೆ ತಾನೇ ಅಕ್ಷತೆ ಹಾಕಿದರೆ ಅದು ಅಮ್ಮನ ಅಭ್ಯಾಸವಾಗಿ ಉಳಿಯುವುದಿಲ್ಲ. ದಿನದ ಪೂಜೆಯಲ್ಲೂ ಒಂದು ಕೆಲಸ ಅವನದ್ದೇ ಅಂತ ಇರಲಿ, ಗಂಟೆ ಬಾರಿಸುವುದೋ ಹೂವು ಇಡುವುದೋ. ಅವನು ಬರುವವರೆಗೆ ಆ ಕೆಲಸ ಕಾಯಲಿ.

ಕಾಯಿದೆ ಪುಸ್ತಕ, ಬೋಸ್ಟನ್

ಬುಧವಾರ ರಜೆ ಹಾಕುತ್ತಾರಾ ಅಂದಿರಲ್ಲ, ಕೇಳಿದರೆ ಸಿಗುತ್ತದೆ, ನಮ್ಮವರು ಕೇಳುವುದೇ ಇಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯಿದೆಯ ಏಳನೇ ಭಾಗದ ಪ್ರಕಾರ, ಹದಿನೈದು ಅಥವಾ ಹೆಚ್ಚು ನೌಕರರಿರುವ ಕಂಪನಿ ನಿಮ್ಮ ಧಾರ್ಮಿಕ ಆಚರಣೆಗೆ ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು. ಅದರಿಂದ ತಮಗೆ ಕಷ್ಟ ಅಂತ ಕಂಪನಿ ಸುಮ್ನೆ ಹೇಳಿದರೆ ಸಾಲದು, ವ್ಯವಹಾರಕ್ಕೆ ಗಣನೀಯ ಹೊರೆ ಆಗುತ್ತದೆ ಅಂತ ತೋರಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳದ ರಜೆಯೇ ಕೊಡಬೇಕು ಅಂತೇನಿಲ್ಲ, ಪಾಳಿ ಬದಲಾವಣೆಯೂ ಆಗಬಹುದು. ಬ್ರಿಟನ್‌ನಲ್ಲಿ 2010ರ ಸಮಾನತೆ ಕಾಯಿದೆ ಇದೆ, ಅದರ ದಾರಿ ಸ್ವಲ್ಪ ಬೇರೆ.

ವರ್ಷದ ಮೊದಲಲ್ಲೇ ಪಂಚಾಂಗ ನೋಡಿ ಮೂರು ನಾಲ್ಕು ದಿನ ಗುರುತು ಹಾಕಿ ಮ್ಯಾನೇಜರ್‌ಗೆ ಬರೆದುಕೊಡಿ. ಹಿಂದಿನ ದಿನ ಹೋಗಿ ಕೇಳಿದರೆ ಯಾರಿಗಾದರೂ ಕಷ್ಟ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಬಂದಿದ್ದೂ ಹೀಗೆ ವರ್ಷಾನುಗಟ್ಟಲೆ ಕೇಳಿದ್ದರಿಂದ. 2023ರಲ್ಲಿ ಕಾಯಿದೆ ಆಯಿತು, 2024ರ ನವೆಂಬರ್ 1ರಂದು ಶಾಲೆಗಳು ಮುಚ್ಚಿದ್ದವು.

ರೈನ್ ತೀರ, ಜರ್ಮನಿ

ನನ್ನ ಗಂಡ ಜರ್ಮನ್. ಮದುವೆಗೆ ಮೊದಲೇ ಮಾತಾಡಿಕೊಂಡಿದ್ದೆವು, ಅವರಿಗೆ ನಂಬಿಕೆ ಇರಲೇಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ, ನನ್ನ ಪೂಜೆಗೆ ಅವರು ಅಡ್ಡ ಬರುವುದಿಲ್ಲ. ಅಡುಗೆಮನೆಯಲ್ಲಿ ಒಂದು ಕಪಾಟು, ಒಂದಷ್ಟು ಪಾತ್ರೆ ದೇವರ ನೈವೇದ್ಯಕ್ಕೆ ಮೀಸಲು, ಮಾಂಸ ಅದರ ಹತ್ತಿರ ಹೋಗುವುದಿಲ್ಲ. ಇದನ್ನು ಮಡಿ ಅಂತ ವಿವರಿಸಿ ವಾದ ಮಾಡುವ ಅಗತ್ಯವೇ ಬರಲಿಲ್ಲ. "ಇದು ದೇವರ ಪಾತ್ರೆ" ಅಂದೆ, ಅರ್ಥವಾಯಿತು.

ಬೇಸಿಗೆಯಲ್ಲಿ ಹಾಮ್‌ನ ಕಾಮಾಕ್ಷಿ ಅಮ್ಮನ ರಥೋತ್ಸವಕ್ಕೆ ಇಬ್ಬರೂ ಹೋಗುತ್ತೇವೆ. ಶ್ರೀಲಂಕಾದ ತಮಿಳರು ಕಟ್ಟಿದ ದೇವಸ್ಥಾನ, 2002ರಲ್ಲಿ ಪ್ರತಿಷ್ಠೆ ಆಯಿತು. ಕಾರ್ಖಾನೆಗಳ ಬಡಾವಣೆಯ ನಡುವೆ ಗೋಪುರ, ಪಕ್ಕದ ಕಾಲುವೆಯಲ್ಲೇ ದೇವಿಯ ತೀರ್ಥಸ್ನಾನ. ಹಗ್ಗ ಹಿಡಿದು ರಥ ಎಳೆಯುವವರಲ್ಲಿ ನನ್ನ ಗಂಡನೂ ಇರುತ್ತಾರೆ, ಅಂಗಿ ಬೆವರಿನಲ್ಲಿ ನೆನೆದಿರುತ್ತದೆ. ಅವರು ನಂಬುತ್ತಾರೋ ಇಲ್ಲವೋ ನಾನು ಕೇಳುವುದಿಲ್ಲ. ಅಮ್ಮ ನೋಡಿಕೊಳ್ಳುತ್ತಾಳೆ.

ದಕ್ಷಿಣ ಗೋಳ, ಮೆಲ್ಬರ್ನ್

ನನ್ನದು ಸಂಕಲ್ಪದ ಪ್ರಶ್ನೆ, ಅಂದರೆ ಪೂಜೆಯ ಮೊದಲು ನಾವಿರುವ ಜಾಗ, ಕಾಲ ಹೇಳಿಕೊಳ್ಳುವುದರದ್ದು. ಅಮೆರಿಕದ ದೇವಸ್ಥಾನಗಳಲ್ಲಿ ಜಂಬೂದ್ವೀಪ, ಭರತವರ್ಷದ ಬದಲು "ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ" ಅಂತ ಹೇಳುವುದನ್ನು ಕೇಳಿದ್ದೇನೆ. ಸಂತೋಷ, ನಿಂತ ನೆಲದ ಹೆಸರು ಹೇಳಿಯೇ ಪೂಜೆ ಶುರುವಾಗಬೇಕು. ನಮ್ಮ ಕಷ್ಟ ಋತುವಿನದ್ದು. ಯುಗಾದಿಯ ದಿನ "ವಸಂತ ಋತೌ" ಅನ್ನುತ್ತೇನೆ, ಹೊರಗೆ ಎಲೆ ಉದುರುತ್ತಿರುತ್ತದೆ.

ಪಂಚಾಂಗಪ್ರಿಯ, ಡಲ್ಲಾಸ್

ನಾನು ಕೇಳಿದ ಪುರೋಹಿತರು ಋತುವನ್ನು ಬದಲಿಸುವುದಿಲ್ಲ, ಅದು ಮಾಸದ ಜೊತೆ ಕಟ್ಟಿದ ಹೆಸರು ಅನ್ನುತ್ತಾರೆ. ಚೈತ್ರ, ವೈಶಾಖ ಅಂದರೆ ವಸಂತ. ಅಯನಕ್ಕೂ ತೊಂದರೆ ಇಲ್ಲ, ಸೂರ್ಯ ಉತ್ತರಕ್ಕೆ ಸರಿಯುವುದನ್ನು ಮೆಲ್ಬರ್ನ್‌ನಿಂದ ನೋಡಿದರೂ ಅದು ಉತ್ತರವೇ. ನಿಮ್ಮ ಮನೆತನದ ಪುರೋಹಿತರನ್ನು ಒಮ್ಮೆ ಕೇಳಿ, ಅವರು ಹೇಳಿದ್ದನ್ನು ಹಿಡಿದುಕೊಳ್ಳಿ. ಪ್ರತಿ ಹಬ್ಬಕ್ಕೂ ಹೊಸದಾಗಿ ಹುಡುಕುತ್ತಾ ಕೂತರೆ ಪೂಜೆಯ ಹೊತ್ತೇ ಕಳೆದುಹೋಗುತ್ತದೆ.

ಉತ್ತರದ ಗಾಳಿ, ಎಡಿನ್‌ಬರ್ಗ್

ತುಳಸಿಕಟ್ಟೆಯವರೇ, ತುಳಸಿ ಚಳಿಗಾಲದಲ್ಲಿ ಹೇಗೆ ಉಳಿಯುತ್ತದೆ? ನಮ್ಮದು ಪ್ರತಿ ವರ್ಷ ಕಾರ್ತಿಕದ ಹೊತ್ತಿಗೆ ಕಡ್ಡಿ.

ತುಳಸಿಕಟ್ಟೆ, ನ್ಯೂಜೆರ್ಸಿ

ತುಳಸಿಗೆ ಮಂಜು ಬಿದ್ದರೆ ಉಳಿಗಾಲವಿಲ್ಲ. ರಾತ್ರಿಯ ತಾಪಮಾನ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತನ್ನಿ, ಚಳಿ ಬೀಳಲಿ ನೋಡೋಣ ಅಂತ ಕಾಯಬೇಡಿ. ದಕ್ಷಿಣದ ಕಿಟಕಿ. ಹೀಟರ್ ಗಾಳಿ ನೇರವಾಗಿ ತಾಗದ ಜಾಗ. ಎಡಿನ್‌ಬರ್ಗಿನ ಡಿಸೆಂಬರ್ ಬಿಸಿಲು ಸಾಲುವುದಿಲ್ಲ, ಗಿಡ ಬೆಳೆಸುವ ಎಲ್ಇಡಿ ದೀಪ ಸಿಗುತ್ತದೆ, ದಿನಕ್ಕೆ ಹನ್ನೆರಡು ಗಂಟೆ ಹಾಕಿಡಿ. ನೀರು ಬೇಸಿಗೆಯ ಅರ್ಧ ಸಾಕು. ದಿನಾ ಪೂಜೆಗೆ ಅಂತ ಚೊಂಬು ಸುರಿದರೆ ಬೇರು ಕೊಳೆಯುತ್ತದೆ, ಒಂದು ಉದ್ಧರಣೆ ನೀರು ಹಾಕಿ. ಮಂಜರಿ ಬಂದ ಹಾಗೇ ಬಿಡಿಸಿ ದೇವರಿಗೆ ಇಡಿ, ಬಿಟ್ಟರೆ ಗಿಡ ಬೀಜಕ್ಕೆ ಹೋಗಿ ಕಾಂಡ ಗಟ್ಟಿಯಾಗುತ್ತದೆ. ಒಂದೆರಡು ಮಾತ್ರ ಒಣಗಲು ಬಿಟ್ಟು ಬೀಜ ತೆಗೆದಿಡಿ. ಗಿಡ ಹೋದರೂ ಮಾರ್ಚ್‌ನಲ್ಲಿ ಅದರದ್ದೇ ಸಂತತಿ ಮೊಳಕೆ ಬರುತ್ತದೆ. ಊರಿಂದ ಮಣ್ಣಿನ ಸಮೇತ ಗಿಡ ತರಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ.

ಹಾಸ್ಟೆಲ್ ಹುಡುಗ, ಮಿಶಿಗನ್

ನಾನು ಈ ವರ್ಷ ಓದಲು ಬಂದವನು. ರೂಮಿನಲ್ಲಿ ಇಬ್ಬರು. ದೀಪ, ಊದುಬತ್ತಿ ಎರಡೂ ನಿಷೇಧ. ಗೆಳೆಯ ಮಧ್ಯಾಹ್ನದವರೆಗೆ ಮಲಗಿರುತ್ತಾನೆ, ಗಂಟೆ ಬಾರಿಸುವ ಹಾಗಿಲ್ಲ, ಜೋರಾಗಿ ಹೇಳುವ ಹಾಗೂ ಇಲ್ಲ. ಬ್ಯಾಟರಿ ದೀಪ ಇಟ್ಟರೆ ಆಗುತ್ತದಾ? ನನಗೆ ಅದು ಪೂಜೆ ಅನ್ನಿಸುತ್ತಿಲ್ಲ.

ಹಳೆಯ ಕ್ಯಾಸೆಟ್, ಪೆನ್ಸಿಲ್ವೇನಿಯಾ

ಇಡಪ್ಪ, ಏನೂ ತೊಂದರೆ ಇಲ್ಲ. ಜೊತೆಗೆ ಕಣ್ಣು ಮುಚ್ಚಿ ಮಾನಸ ಪೂಜೆ ಮಾಡು. ನಿಮ್ಮ ಮನೆಯ ದೇವರನ್ನೇ ಮನಸ್ಸಿನಲ್ಲಿ ತಂದುಕೊಂಡು, ನೀರು ಹಾಕು, ಒರೆಸು, ಗಂಧ ಹಚ್ಚು, ಹೂವಿಡು. ಅವಸರ ಮಾಡಬೇಡ. ಮಾನಸ ಪೂಜೆ ನಮ್ಮಲ್ಲಿ ಕಡಿಮೆಯದ್ದು ಅಂತ ಯಾವತ್ತೂ ಎಣಿಸಿಲ್ಲ.

ತುಳಸಿಕಟ್ಟೆ, ನ್ಯೂಜೆರ್ಸಿ

ಹೌದು. ಇನ್ನೊಂದು ದಾರಿ ಲಿಖಿತ ಜಪ. ಗೆಳೆಯ ಮಲಗಿದ್ದರೂ ಸದ್ದಿಲ್ಲದೆ ಆಗುತ್ತದೆ. ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೊಳ್ಳಿ, ಓದಿನ ಪುಸ್ತಕಗಳ ಜೊತೆ ಬೆರೆಸಬೇಡಿ. ಸ್ನಾನ ಆದ ಮೇಲೆ ಒಂದು ಪುಟ, ರಾಮನೋ ಕೃಷ್ಣನೋ ನಿಮ್ಮ ಇಷ್ಟದ ಹೆಸರು, ಕನ್ನಡದಲ್ಲಿ, ದುಂಡಗೆ. ಪರೀಕ್ಷೆಯ ದಿನ ಒಂದೇ ಸಾಲು ಬರೆದರೂ ಸರಿ, ಆದರೆ ಆ ಸಾಲು ಬಿಡಬೇಡಿ. ಪುಸ್ತಕ ತುಂಬಿದ ಮೇಲೆ ಕೆಲವು ದೇವಸ್ಥಾನಗಳು ತೆಗೆದುಕೊಳ್ಳುತ್ತವೆ, ನಿಮ್ಮ ಹತ್ತಿರದಲ್ಲಿ ಕೇಳಿ ನೋಡಿ. ಇಲ್ಲವೆಂದರೆ ರಜೆಗೆ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಅಮ್ಮನ ಕೈಗೆ ಕೊಡಿ.